ಹದಿಹರೆಯದ ಕೈಗೆ ಯಾವ ಕಾದಂಬರಿ ಕೊಡಬೇಕು

ಹದಿಮೂರರಿಂದ ಹದಿನೇಳರ ವಯಸ್ಸಿನ ಮಕ್ಕಳಿಗೆ ಕಾದಂಬರಿ ಸೂಚಿಸುವಾಗ ನಾನು ನನ್ನನ್ನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಪುಸ್ತಕದ ಮೊದಲ ಇಪ್ಪತ್ತು ಪುಟ ಓದಿದ ಹುಡುಗನೋ ಹುಡುಗಿಯೋ ಇಪ್ಪತ್ತೊಂದನೆಯ ಪುಟಕ್ಕೆ ಯಾರ ಒತ್ತಾಯವೂ ಇಲ್ಲದೆ ಹೋಗುತ್ತಾರೆಯೇ? ಪುಸ್ತಕ ಶ್ರೇಷ್ಠವೇ, ಅದಕ್ಕೆ ಪ್ರಶಸ್ತಿ ಬಂದಿದೆಯೇ, ಅದರಿಂದ ಮಕ್ಕಳು ಏನನ್ನಾದರೂ ಕಲಿಯುತ್ತಾರೆಯೇ ಎಂಬ ಪ್ರಶ್ನೆಗಳನ್ನು ಆಮೇಲೆ ಕೇಳಬಹುದು. ಓದೇ ಮುಂದೆ ಸಾಗದಿದ್ದರೆ ಆ ಪ್ರಶ್ನೆಗಳಿಗೆ ಯಾವ ಅರ್ಥವೂ ಉಳಿಯುವುದಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ವರ್ಷಗಳಲ್ಲಿ, ಮತ್ತು ಅದನ್ನು ಬಿಟ್ಟ ಮೇಲೂ ನೆಂಟರು, ನೆರೆಯವರು, ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗಾಗಿ ಪುಸ್ತಕ ಕೇಳಿಕೊಂಡು ಬರುವಾಗ, ಈ ಒಂದು ಪ್ರಶ್ನೆ ನನ್ನನ್ನು ಬಹಳ ದೂರ ನಡೆಸಿದೆ.

ಹಾಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮಗಳು ಒಂಬತ್ತನೇ ತರಗತಿ, ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪುಸ್ತಕಗಳನ್ನು ಎರಡು ದಿನಕ್ಕೊಂದರಂತೆ ಮುಗಿಸುತ್ತಾಳೆ, ಕನ್ನಡ ಪುಸ್ತಕವನ್ನು ಮಾತ್ರ ಮುಟ್ಟುವುದಿಲ್ಲ. ತಂದೆತಾಯಿ ಇದನ್ನು ಭಾಷಾಭಿಮಾನದ ಕೊರತೆಯೆಂದು ತಿಳಿಯುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಹ್ಯಾರಿ ಪಾಟರ್ ಓದುವ ಹುಡುಗಿ ಇಂಗ್ಲಿಷಿನ ಮೇಲಿನ ಅಭಿಮಾನದಿಂದ ಅದನ್ನು ಓದುತ್ತಿಲ್ಲ. ಮುಂದೇನಾಯಿತು ಎಂದು ತಿಳಿಯುವ ತವಕದಿಂದ ಓದುತ್ತಿದ್ದಾಳೆ. ಕನ್ನಡದಲ್ಲಿ ಅಂಥ ತವಕ ಹುಟ್ಟಿಸುವ ಪುಸ್ತಕವನ್ನು ಅವಳ ಕೈಗೆ ಯಾರೂ ಕೊಟ್ಟಿಲ್ಲ. ಅವಳಿಗೆ ಗೊತ್ತಿರುವ ಕನ್ನಡವೆಂದರೆ ಪಠ್ಯಪುಸ್ತಕದ ಗದ್ಯಪಾಠ, ಅದರ ಕೊನೆಯಲ್ಲಿ ‘ಸಂದರ್ಭ ಸಹಿತ ವಿವರಿಸಿ’ ಎಂಬ ಸೂಚನೆ.

ಕನ್ನಡದಲ್ಲಿ ಚಿಕ್ಕ ಮಕ್ಕಳ ಸಾಹಿತ್ಯಕ್ಕೆ ದೊಡ್ಡ ಪರಂಪರೆಯಿದೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ಎಷ್ಟೋ ಮನೆಗಳಲ್ಲಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ದಾಟಿತು. ದೊಡ್ಡವರ ಕಾದಂಬರಿಗಳ ಬಗೆಗಂತೂ ಹೇಳುವುದೇ ಬೇಡ. ಆದರೆ ಇವೆರಡರ ನಡುವಿನ ನಾಲ್ಕೈದು ವರ್ಷಗಳಿಗೆ ಕನ್ನಡದ ಪುಸ್ತಕದಂಗಡಿಯಲ್ಲಿ ಬೇರೆ ಕಪಾಟು ಇಲ್ಲ. ಇಂಗ್ಲಿಷ್ ಪುಸ್ತಕದಂಗಡಿಯಲ್ಲಿ ಆ ವಯಸ್ಸಿನವರು ನೇರವಾಗಿ ಹೋಗಿ ನಿಲ್ಲುವ ಜಾಗವೊಂದಿರುತ್ತದೆ; ಇಲ್ಲಿ ಅವರು ಚಂದಮಾಮದ ಕಥೆಗಳಿಂದ ಒಮ್ಮೆಗೇ ತಾತ್ವಿಕ ಕಾದಂಬರಿಗಳಿಗೆ ಜಿಗಿಯಬೇಕು.

ಒಂದು ಕಾಲದಲ್ಲಿ ಆ ನಡುವಿನ ಜಾಗವನ್ನು ಪತ್ತೇದಾರಿ ಕಾದಂಬರಿಗಳು ತುಂಬಿದ್ದವು. ಪ್ರಾಥಮಿಕ ಶಾಲೆಯ ಆಚೆಗೆ ಓದದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿದ ತಲೆಮಾರು ಈಗ ಅಜ್ಜ ಅಜ್ಜಿಯರ ವಯಸ್ಸಿನಲ್ಲಿದೆ. ಆಮೇಲೆ ಟಿ.ಕೆ. ರಾಮರಾಯರು ಬಂದರು, ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು ಬಂದವು, ವಾರಪತ್ರಿಕೆಗಳ ಧಾರಾವಾಹಿಗಳಿಗಾಗಿ ಮನೆಮಂದಿ ಕಾಯುತ್ತಿದ್ದರು, ಸಣ್ಣ ಊರುಗಳಲ್ಲೂ ದಿನಕ್ಕಿಷ್ಟೆಂದು ಬಾಡಿಗೆ ತೆತ್ತು ಪುಸ್ತಕ ತರುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಹಿರಿಯರು ಇವನ್ನು ಕೀಳಾಗಿ ಕಂಡರು. ಆದರೆ ಇಂದು ಕಾರಂತರನ್ನೂ ಭೈರಪ್ಪನವರನ್ನೂ ಆಳವಾಗಿ ಓದಿಕೊಂಡಿರುವ ನನ್ನ ಪರಿಚಯದ ಹಿರಿಯ ಓದುಗರಲ್ಲಿ ಬಹುಪಾಲು ಜನ ಆ ಬಾಡಿಗೆ ಪುಸ್ತಕಗಳಿಂದಲೇ ಓದಿನ ವೇಗ ಪಡೆದವರು. ಆ ಲೈಬ್ರರಿಗಳು ಮುಚ್ಚಿದವು. ಬೇರೆ ಯಾವುದೂ ಅವುಗಳ ಸ್ಥಾನಕ್ಕೆ ಬರಲಿಲ್ಲ.

ಓದಿನ ವೇಗ ಎಂದೆನಲ್ಲ, ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಪುಸ್ತಕ ಸೂಚಿಸುವವರು ಸಾಮಾನ್ಯವಾಗಿ ಗಮನಿಸದಿರುವ ಸಂಗತಿ ಇದು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ, ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತನಾಡುವ ಹದಿನಾಲ್ಕರ ಹುಡುಗನಿಗೆ ಕನ್ನಡ ಅಕ್ಷರ ಬರುತ್ತದೆ, ಅರ್ಥವೂ ಆಗುತ್ತದೆ; ಆದರೆ ಅವನು ಇಂಗ್ಲಿಷಿನಲ್ಲಿ ಒಂದು ಪುಟ ಓದುವ ಹೊತ್ತಿನಲ್ಲಿ ಕನ್ನಡದಲ್ಲಿ ಅರ್ಧ ಪುಟವನ್ನೂ ಮುಗಿಸಲಾರ. ಒತ್ತಕ್ಷರಗಳ ಬಳಿ ಕಣ್ಣು ತಡೆಯುತ್ತದೆ. ನಿಧಾನವಾಗಿ ಓದುವವನಿಗೆ ನಿಧಾನವಾಗಿ ತೆರೆದುಕೊಳ್ಳುವ ಕಾದಂಬರಿ ಕೊಟ್ಟರೆ ಎರಡು ನಿಧಾನಗಳೂ ಸೇರಿ ಅವನನ್ನು ಸೋಲಿಸುತ್ತವೆ. ಹೊರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಆದ್ದರಿಂದ ಮೊದಲ ಪುಸ್ತಕ ತೆಳ್ಳಗಿರಬೇಕು, ಅದರಲ್ಲಿ ಮಾತುಕತೆ ಹೆಚ್ಚಿರಬೇಕು, ಮೊದಲ ಅಧ್ಯಾಯದಲ್ಲೇ ಏನಾದರೂ ನಡೆಯಬೇಕು. ಎರಡನೆಯ ಪುಸ್ತಕದ ಹೊತ್ತಿಗೆ ಕಣ್ಣು ಪಳಗಿರುತ್ತದೆ. ಮೂರನೆಯದರ ಹೊತ್ತಿಗೆ ಒತ್ತಕ್ಷರ ಅಡ್ಡ ಬರುವುದಿಲ್ಲ.

ಈ ಎಲ್ಲ ಕಾರಣಗಳಿಂದ ನಾನು ಮೊದಲು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಇದು 1980ರ ಕಾದಂಬರಿ. ಮಕ್ಕಳಿಗೆಂದು ಬರೆದದ್ದಲ್ಲ. ಆದರೆ ಹದಿಹರೆಯದ ಓದುಗರನ್ನು ಹಿಡಿದಿಡಲು ಇದಕ್ಕಿಂತ ಒಳ್ಳೆಯ ಕನ್ನಡ ಕಾದಂಬರಿ ನನಗೆ ಇನ್ನೂ ಸಿಕ್ಕಿಲ್ಲ.

ಕಥೆ ಮೂಡಿಗೆರೆಯಲ್ಲಿ ಜೇನುತುಪ್ಪದ ವಿಷಯದಿಂದ ಶುರುವಾಗುತ್ತದೆ. ಬೇಸಾಯದಿಂದ ಬೇಸತ್ತ ನಿರೂಪಕ, ಕೆಲಸಕ್ಕೂ ಮದುವೆಗೂ ಒದ್ದಾಡುತ್ತಿರುವ ಮಂದಣ್ಣ, ಕರ್ವಾಲೊ ಎಂಬ ವಿಜ್ಞಾನಿ, ಕಿವಿ ಎಂಬ ನಾಯಿ, ಮರ ಹತ್ತುವುದರಲ್ಲಿ ನಿಪುಣನಾದ ಕರಿಯಪ್ಪ, ಫೋಟೊ ತೆಗೆಯುವ ಪ್ರಭಾಕರ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಹುಡುಗ. ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗವಿಜ್ಞಾನಿಯನ್ನು ಕಾಣುತ್ತಾರೆ, ಏಕೆಂದರೆ ಕಾಡಿನಲ್ಲಿ ಅವನ ಕಣ್ಣಿಗೆ ಬೀಳುವುದು ಮತ್ಯಾರ ಕಣ್ಣಿಗೂ ಬೀಳುವುದಿಲ್ಲ. ಹಾರುವ ಓತಿಯೊಂದನ್ನು ಅವನು ನೋಡಿದ್ದಾನೆ ಎಂಬ ಒಂದು ಮಾತಿನಿಂದ ಕಾದಂಬರಿಯ ದಿಕ್ಕೇ ಬದಲಾಗುತ್ತದೆ; ಅಲ್ಲಿಂದ ಮುಂದೆ ಅದು ಒಂದು ಹುಡುಕಾಟ.

ಹದಿನಾಲ್ಕು ಹದಿನೈದರ ಮಕ್ಕಳಿಗೆ ಈ ಪುಸ್ತಕ ಏಕೆ ಹಿಡಿಸುತ್ತದೆ ಎಂದು ನಾನು ಅವರನ್ನೇ ಕೇಳಿದ್ದೇನೆ. ಓತಿ ಸಿಗುತ್ತದೆಯೇ ಇಲ್ಲವೇ ಎಂಬ ಕುತೂಹಲ ಮೊದಲ ಕಾರಣ. ಎರಡನೆಯದನ್ನು ಅವರು ಸ್ಪಷ್ಟವಾಗಿ ಹೇಳುವುದಿಲ್ಲ, ಆದರೆ ಅವರ ಮಾತು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ಮನೆಯವರೂ ಊರವರೂ ಪ್ರಯೋಜನವಿಲ್ಲದವನೆಂದು ತೀರ್ಮಾನಿಸಿದ ಹುಡುಗನನ್ನು ದೊಡ್ಡ ವಿಜ್ಞಾನಿಯೊಬ್ಬರು ಸಮಾನನಂತೆ ನಡೆಸಿಕೊಳ್ಳುವುದು ಆ ವಯಸ್ಸಿನವರ ಎದೆಗೆ ನೇರವಾಗಿ ತಾಗುತ್ತದೆ. ಅಂಕಪಟ್ಟಿಯಿಂದ ಅಳೆಯಲ್ಪಡುವ ವಯಸ್ಸು ಅದು. ತಮ್ಮೊಳಗೆ ಅಂಕಪಟ್ಟಿಗೆ ಕಾಣದ್ದೇನೋ ಇದೆ ಎಂಬ ನಂಬಿಕೆ ಪ್ರತಿಯೊಬ್ಬರಲ್ಲೂ ಇರುತ್ತದೆ, ಅದನ್ನು ಹೇಳಿಕೊಳ್ಳುವ ಧೈರ್ಯ ಮಾತ್ರ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಪುಸ್ತಕ ಮುಗಿದ ಮೇಲಷ್ಟೇ ಹೇಳುತ್ತೇನೆ: ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅಡಿಕೆ ತೋಟಗಳಲ್ಲಿಯೂ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ಮೇಲಿನ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ, ಮರದಿಂದ ಮರಕ್ಕೆ ತೇಲುವ ಓತಿ ನಿಜಕ್ಕೂ ಇದೆ. ಕಾದಂಬರಿ ಅದರ ಸುತ್ತ ಕಟ್ಟುವ ಕಾಲಾತೀತ ರಹಸ್ಯ ಬೇರೆಯದು. ಆದರೂ ಇದನ್ನು ಕೇಳಿದ ಮಕ್ಕಳಲ್ಲಿ ಕೆಲವರು ಕಾಡಿಗೆ ಹೋಗುವ ದಾರಿ ಹುಡುಕುತ್ತಾರೆ, ಕೆಲವರು ಮತ್ತೆ ಮೊದಲ ಪುಟಕ್ಕೆ ಹೋಗುತ್ತಾರೆ. ಕೊನೆಯ ಪುಟಗಳಲ್ಲಿ ಏನಾಗುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಬಹಳ ಮಕ್ಕಳಿಗೆ ಆ ಮುಕ್ತಾಯ ಮೊದಲ ಓದಿನಲ್ಲಿ ಸಿಟ್ಟು ತರಿಸುತ್ತದೆ, ಮತ್ತು ಆ ಸಿಟ್ಟಿನಿಂದ ಹುಟ್ಟುವ ವಾದ ನಾನು ಕೇಳಿರುವ ಅತ್ಯುತ್ತಮ ಸಾಹಿತ್ಯ ಚರ್ಚೆಗಳಲ್ಲಿ ಒಂದಾಗಿರುತ್ತದೆ.

‘ಕರ್ವಾಲೊ’ ಹಿಡಿಸಿದವರಿಗೆ ಮುಂದಿನದು ‘ಜುಗಾರಿ ಕ್ರಾಸ್’. ಸುರೇಶ ಮತ್ತು ಗೌರಿ ಎಂಬ ದಂಪತಿಯ ಇಪ್ಪತ್ತನಾಲ್ಕು ಗಂಟೆಗಳ ಕಥೆ. ಏಲಕ್ಕಿ ವ್ಯಾಪಾರ, ಕಳ್ಳಸಾಗಣೆ, ರತ್ನಗಳ ರಹಸ್ಯ ಎಲ್ಲವೂ ಆ ಒಂದು ದಿನದೊಳಗೆ ನುಗ್ಗುತ್ತವೆ. ವೇಗದ ದೃಷ್ಟಿಯಿಂದ ಇದು ತೇಜಸ್ವಿಯವರ ಉಳಿದೆಲ್ಲ ಕಾದಂಬರಿಗಳನ್ನೂ ಮೀರಿಸುತ್ತದೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ವನ್ನು ಹದಿನಾರು ದಾಟಿದವರಿಗೆ ಇಟ್ಟುಕೊಂಡಿದ್ದೇನೆ. ಕೆಸರೂರಿನ ಆ ಕಥೆಯಲ್ಲಿ ಪತ್ತೇದಾರಿಯೂ ಇದೆ, ರಫಿ ಮತ್ತು ಜಯಂತಿಯ ಪ್ರೀತಿಯೂ ಇದೆ. ಆದರೆ ಊರನ್ನು ಒಳಗಿನಿಂದ ಸುಡುವ ಜಾತಿ ಧರ್ಮಗಳ ಕಿಚ್ಚು ಅರ್ಥವಾಗಲು ಸ್ವಲ್ಪ ಲೋಕಾನುಭವ ಬೇಕು. ಕಾದಂಬರಿಯಷ್ಟು ಉದ್ದ ಓದಲು ಇನ್ನೂ ಹೆದರುವವರಿಗೆ ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಆಧರಿಸಿ ತೇಜಸ್ವಿಯವರು ಬರೆದ ಕಾಡಿನ ಕತೆಗಳಿವೆ. ಬೆಂಗಳೂರಿನ ಮಕ್ಕಳಿಗೆ ‘ಜಾಲಹಳ್ಳಿಯ ಕುರ್ಕ’ ಕೊಟ್ಟು ನೋಡಬೇಕು. ಇಂದು ಮೆಟ್ರೊ ನಿಲ್ದಾಣವಿರುವ ಜಾಲಹಳ್ಳಿಯ ಸುತ್ತಮುತ್ತ ಚಿರತೆಯೊಂದು ಜನರನ್ನು ನಡುಗಿಸಿತ್ತೆಂದು ಓದುವಾಗ ಅವರ ಮುಖ ನೋಡುವಂತಿರುತ್ತದೆ.

ಎಲ್ಲರಿಗೂ ತೇಜಸ್ವಿ ಸರಿಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಬಯಲುಸೀಮೆಯಲ್ಲಿ ಬೆಳೆದ, ಕಾಡಿನಲ್ಲಿ ಯಾವ ಆಸಕ್ತಿಯೂ ಇಲ್ಲದ ಹುಡುಗಿಯೊಬ್ಬಳು ‘ಕರ್ವಾಲೊ’ವನ್ನು ಅರ್ಧಕ್ಕೆ ಹಿಂದಿರುಗಿಸಿ, ಇದರಲ್ಲಿ ಎಲ್ಲರೂ ಗಂಡಸರೇ ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಅವಳಿಗೆ ನಾನು ಕೊಟ್ಟದ್ದು ದೇವನೂರ ಮಹಾದೇವರ ‘ಒಡಲಾಳ’.

‘ಒಡಲಾಳ’ ಒಂದೇ ಕೂತಿನಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಅದನ್ನು ಹುಡುಕುತ್ತ, ಶಪಿಸುತ್ತ, ಊರೆಲ್ಲ ತಿರುಗುತ್ತಾಳೆ. ಅಷ್ಟರಲ್ಲಿ ಮನೆಗೆ ಕದ್ದ ಕಡಲೆಕಾಯಿಯ ಮೂಟೆ ಬರುತ್ತದೆ. ರಾತ್ರಿಯೆಲ್ಲ ಇಡೀ ಸಂಸಾರ ಬೆಂಕಿಯ ಸುತ್ತ ಕೂತು ಅದನ್ನು ತಿನ್ನುತ್ತದೆ. ಬೆಳಗಾದರೆ ಪೊಲೀಸರು. ಕಥೆಯಾಗಿ ಹೇಳಿದರೆ ಇಷ್ಟೇ. ಆದರೆ ಆ ರಾತ್ರಿಯ ಪುಟಗಳನ್ನು ಓದುವಾಗ, ಸಿಕ್ಕಿಬೀಳುತ್ತಾರೆ ಎಂಬ ಭಯವೂ, ಹೊಟ್ಟೆ ತುಂಬ ತಿನ್ನುತ್ತಿರುವವರ ಸಂಭ್ರಮವೂ ಒಟ್ಟಿಗೇ ಓದುವವರ ಮೈಗೆ ಹತ್ತುತ್ತವೆ. ರೋಚಕತೆ ಎಂದರೆ ಗುಂಡಿನ ಸದ್ದು, ಬೆನ್ನಟ್ಟುವ ಕಾರು ಎಂದು ತಿಳಿದಿರುವ ಮಕ್ಕಳಿಗೆ ಒಂದು ಮೂಟೆ ಕಡಲೆಕಾಯಿಯ ಸಿಪ್ಪೆ ಬೆಳಗಾಗುವುದರೊಳಗೆ ಇಲ್ಲವಾಗುತ್ತದೆಯೇ ಎಂಬುದು ಉಸಿರು ಬಿಗಿಹಿಡಿಸುವ ಪ್ರಶ್ನೆಯಾಗಬಲ್ಲದು ಎಂದು ತೋರಿಸುವ ಕೃತಿ ಇದು. ಗೋಡೆಯ ಮೇಲೆ ನವಿಲು ಬರೆಯುತ್ತಿರುವ ಪುಟ್ಟಗೌರಿಯನ್ನು ಯಾವ ಮಗುವೂ ಮರೆತದ್ದನ್ನು ನಾನು ಕಂಡಿಲ್ಲ.

ಇಲ್ಲಿ ತೊಡಕು ಆಡುಮಾತಿನದು. ನಂಜನಗೂಡಿನ ಕಡೆಯ ಮಾತು ಬೀದರಿನ ಅಥವಾ ಮಂಗಳೂರಿನ ಮಗುವಿಗೆ ಮೊದಲ ಪುಟಗಳಲ್ಲಿ ಕಷ್ಟವಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು: ಮೊದಲ ನಾಲ್ಕೈದು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವುದು. ಕಣ್ಣಿಗೆ ಅಪರಿಚಿತವಾಗಿ ಕಾಣುವ ಮಾತು ಕಿವಿಗೆ ಬೀಳುತ್ತಲೇ ಪರಿಚಿತವಾಗುತ್ತದೆ. ಸಾಕವ್ವನ ಬೈಗುಳಗಳ ಲಯ ಒಮ್ಮೆ ಕಿವಿಗೆ ಹತ್ತಿತೆಂದರೆ ಮುಂದಿನದನ್ನು ಮಕ್ಕಳೇ ಓದಿಕೊಳ್ಳುತ್ತಾರೆ. ಹದಿನೈದರ ಮಕ್ಕಳಿಗೆ ಯಾರು ಓದಿ ಹೇಳುತ್ತಾರೆ, ಅವರು ದೊಡ್ಡವರಾದರಲ್ಲ ಎಂದು ತಂದೆತಾಯಿ ಕೇಳುತ್ತಾರೆ. ಆ ವಯಸ್ಸಿನವರು ಓದಿಸಿಕೊಂಡು ಕೇಳುವುದನ್ನು ಎಷ್ಟು ಇಷ್ಟಪಡುತ್ತಾರೆ ಎಂಬುದು ಓದಿ ಹೇಳಿದವರಿಗೇ ಗೊತ್ತು.

ಅನ್ಯಾಯದ ಬಗ್ಗೆ ಸಿಟ್ಟಿರುವ ವಯಸ್ಸು ಇದು. ಆ ಸಿಟ್ಟಿಗೆ ತಕ್ಕ ಕಾದಂಬರಿ ನಿರಂಜನರ ‘ಚಿರಸ್ಮರಣೆ’. ಅದರ ಕಥೆ ನಡೆಯುವ ಕಯ್ಯೂರು ಇಂದು ಕೇರಳದಲ್ಲಿದೆ; ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಮೀನ್ದಾರಿಯ ವಿರುದ್ಧ ಅಲ್ಲಿನ ರೈತರು ಎದ್ದುನಿಂತ ಹೋರಾಟದಲ್ಲಿ, 1941ರ ಮಾರ್ಚಿನಲ್ಲಿ ಪೊಲೀಸನೊಬ್ಬ ಹೊಳೆಗೆ ಬಿದ್ದು ಸತ್ತ. ಆ ಪ್ರಕರಣದಲ್ಲಿ ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಐದನೆಯವನು ಅಪ್ರಾಪ್ತ ವಯಸ್ಸಿನವನೆಂಬ ಕಾರಣಕ್ಕೆ ನೇಣಿನಿಂದ ಪಾರಾದ. ನೀಲೇಶ್ವರದ ಶಾಲೆಯಲ್ಲಿ ಓದಿದ ನಿರಂಜನರಿಗೆ ಆ ನೆಲ ಗೊತ್ತಿತ್ತು. 1955ರಲ್ಲಿ ಬಂದ ಈ ಕಾದಂಬರಿ ಅಪ್ಪು ಮತ್ತು ಚಿರುಕಂಡ ಎಂಬ ಇಬ್ಬರು ಗೆಳೆಯರನ್ನು ಅವರ ಹುಡುಗತನದಿಂದಲೇ ಹಿಂಬಾಲಿಸುತ್ತದೆ. ಅವರಿಗೆ ಕಣ್ಣು ತೆರೆಸುವ ಮೇಷ್ಟರು, ರಾತ್ರಿಯ ಗುಟ್ಟಿನ ಸಭೆಗಳು, ತಲೆಮರೆಸಿಕೊಂಡು ಓಡಾಡುವ ದಿನಗಳು ಓದುಗರನ್ನು ಬಿಡದೆ ಎಳೆದೊಯ್ಯುತ್ತವೆ. ಕೊನೆಗೆ ಏನಾಗುತ್ತದೆ ಎಂದು ಮೊದಲೇ ತಿಳಿದಿದ್ದರೂ ಈ ಪುಸ್ತಕದ ಬಿಗಿ ಸಡಿಲವಾಗುವುದಿಲ್ಲ. ತಿಳಿದಿರುವುದರಿಂದಲೇ ಅದು ಹೆಚ್ಚುತ್ತದೆ ಎಂದು ನನಗೆ ಅನಿಸಿದೆ. ಐದನೆಯ ಹುಡುಗನ ವಿಷಯವನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ವಯಸ್ಸಿನವನೊಬ್ಬ ಆ ಕಟಕಟೆಯಲ್ಲಿ ನಿಂತಿದ್ದ ಎಂದು ತಿಳಿದ ಮೇಲೆ ಅವರು ಓದುವ ರೀತಿಯೇ ಬೇರೆಯಾಗುತ್ತದೆ.

ಇತಿಹಾಸವೆಂದರೆ ಯುದ್ಧವೂ ಕೋಟೆಯೂ ಬೇಕು ಎನ್ನುವವರಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’. ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ ಮದಕರಿ ನಾಯಕ, 1779ರಲ್ಲಿ ಹೈದರಾಲಿಯ ವಶವಾದ ಚಿತ್ರದುರ್ಗ, ಒಳಗಿನವರ ದ್ರೋಹ, ಏಳು ಸುತ್ತಿನ ಕೋಟೆ. ದಪ್ಪ ಪುಸ್ತಕ, ಆದ್ದರಿಂದ ಮೊದಲನೆಯದಾಗಿ ಕೊಡಬಾರದು. ಆದರೆ ಬೇಸಿಗೆ ರಜೆಯಲ್ಲಿ, ಅದರಲ್ಲೂ ಚಿತ್ರದುರ್ಗವನ್ನು ಒಮ್ಮೆ ಹತ್ತಿ ಇಳಿದ ಮರುದಿನ ಕೊಟ್ಟರೆ, ಕೆಳಗಿಡದೆ ಓದುವ ಮಕ್ಕಳಿದ್ದಾರೆ. ತ.ರಾ.ಸು. ತೀರಿಕೊಂಡ ಮರುವರ್ಷ, 1985ರಲ್ಲಿ, ಈ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ವಿಜ್ಞಾನದಲ್ಲಿ ಆಸಕ್ತಿಯಿರುವವರ ಬಳಿ ನಾನು ಕೆ.ಎನ್. ಗಣೇಶಯ್ಯನವರ ಹೆಸರು ಹೇಳುತ್ತೇನೆ. ವೃತ್ತಿಯಿಂದ ಅವರು ಕೃಷಿ ವಿಜ್ಞಾನಿ. ‘ಕನಕ ಮುಸುಕು’ ಕಾದಂಬರಿಯ ಹಿಂದಿರುವ ಒಗಟು ನಿಜವಾದದ್ದು: ಸೋಮನಾಥಪುರದಂಥ ಹೊಯ್ಸಳ ದೇವಾಲಯಗಳ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದೇನೋ ಇದೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸನ ಪ್ರಯಾಣದ ನಂತರವೇ ಅದು ಉಳಿದ ಲೋಕಕ್ಕೆ ಬಂತೆಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಹಾಗಾದರೆ ಹದಿಮೂರನೆಯ ಶತಮಾನದ ಶಿಲ್ಪಿಗೆ ಅದು ಗೊತ್ತಾದದ್ದು ಹೇಗೆ? ಕಲ್ಲಿನಲ್ಲಿರುವುದು ಜೋಳವೇ, ದಾಳಿಂಬೆಯಂಥ ಹಣ್ಣೇ, ಆಭರಣವೇ ಎಂಬುದು ವಿದ್ವಾಂಸರ ನಡುವೆ ಇತ್ಯರ್ಥವಾಗದ ವಿವಾದ. ಕಾದಂಬರಿ ಈ ವಿವಾದವನ್ನೇ ಪತ್ತೇದಾರಿಯಾಗಿ ಬೆಳೆಸುತ್ತದೆ. ಗಣೇಶಯ್ಯನವರ ಪಾತ್ರಗಳು ತೇಜಸ್ವಿಯವರ ಪಾತ್ರಗಳಂತೆ ನೆನಪಿನಲ್ಲಿ ನೆಲೆಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಆಧಾರಗಳನ್ನು ಕಾದಂಬರಿಯೊಳಗೇ ಕೊಟ್ಟು, ಎಲ್ಲಿ ಇತಿಹಾಸ ಮುಗಿದು ಕಲ್ಪನೆ ಶುರುವಾಗುತ್ತದೆ ಎಂದು ಓದುಗರೇ ಪರೀಕ್ಷಿಸುವಂತೆ ಮಾಡುವ ಅವರ ಕ್ರಮ ಹದಿಹರೆಯದವರಿಗೆ ಬಹಳ ಇಷ್ಟವಾಗುತ್ತದೆ. ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಸುತ್ತ ಬರೆದ ‘ಬಳ್ಳಿಕಾಳ ಬೆಳ್ಳಿ’ಯೂ ಇದೇ ಸಾಲಿನದು.

ಹನ್ನೆರಡು ಹದಿಮೂರರ ಮಕ್ಕಳಿಗೆ ಮೇಲಿನ ಕೆಲವು ಭಾರವಾಗಬಹುದು. ಅವರಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’, ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಎಲ್ಲವೂ ಆ ಪಟ್ಟಿಯಲ್ಲಿವೆ. ಇವುಗಳ ನಡುವೆ ನನಗೆ ಹೆಚ್ಚು ಹತ್ತಿರವಾದದ್ದು 2011ರಲ್ಲಿ ಪುರಸ್ಕಾರ ಪಡೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಶರಾವತಿ ಜಲವಿದ್ಯುತ್ ಯೋಜನೆಯಲ್ಲಿ ನೌಕರಿ ಮಾಡಿದ ಡಿಸೋಜರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದ್ದನ್ನು, ಜನ ಗಂಟುಮೂಟೆ ಕಟ್ಟಿಕೊಂಡು ಹೋದದ್ದನ್ನು ಹತ್ತಿರದಿಂದ ಕಂಡವರು. ಅದೇ ಅನುಭವವನ್ನು ಅವರು ದೊಡ್ಡವರಿಗಾಗಿ ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದರು,  ಮಕ್ಕಳಿಗಾಗಿ ಇಲ್ಲಿ ಬರೆದರು. ಮನೆಯ ಬಲ್ಬಿನ ಬೆಳಕು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಯಾವ ಉಪದೇಶವೂ ಇಲ್ಲದೆ ಎಬ್ಬಿಸುವ ಪುಸ್ತಕ.

ತಂದೆತಾಯಿಯರಿಂದ ನನಗೆ ಅತಿ ಹೆಚ್ಚು ಬಂದ ಆಕ್ಷೇಪ ಒಂದಿದೆ, ಅದನ್ನು ಇಲ್ಲಿ ಎದುರಿಸದೆ ಮುಂದೆ ಹೋಗುವಂತಿಲ್ಲ. ನೀವು ಹೇಳುವ ಪುಸ್ತಕಗಳಲ್ಲಿ ಸಾವಿದೆ, ಕೊಲೆಯಿದೆ, ಬೈಗುಳವಿದೆ, ಗಂಡುಹೆಣ್ಣಿನ ಸಂಬಂಧಗಳ ಮಾತಿದೆ. ಇದನ್ನೆಲ್ಲ ಮಕ್ಕಳು ಈಗಲೇ ಓದಬೇಕೇ ಎನ್ನುತ್ತಾರೆ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಸೂಚಿಸಿದಾಗ ಈ ಮಾತು ಖಂಡಿತ ಬರುತ್ತದೆ. ಇಪ್ಪತ್ತೈದರ ಆಸುಪಾಸಿನ ತರುಣ ಬರೆದ ಕಾದಂಬರಿ ಅದು. ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ಎರಡು ಹಳ್ಳಿಗಳ ದ್ವೇಷವನ್ನೂ, ಮನೆಯೊಳಗೆ ದೊಡ್ಡವರು ಮುಚ್ಚಿಡುವ ಸಂಗತಿಗಳನ್ನೂ ತೋರಿಸುತ್ತದೆ. ಕಿಟ್ಟಿಗೆ ತಾನು ನೋಡುತ್ತಿರುವುದು ಪೂರ್ತಿ ಅರ್ಥವಾಗುವುದಿಲ್ಲ. ಅವನಿಗಿಂತ ನಾಲ್ಕೈದು ವರ್ಷ ದೊಡ್ಡವರಾದ ಓದುಗರಿಗೆ ಅರ್ಥವಾಗುತ್ತದೆ. ಆ ವ್ಯತ್ಯಾಸದಲ್ಲೇ ಅದರ ಬಿಗಿ ಇದೆ. ಹದಿನೈದರ ಮಕ್ಕಳು ಕೈಯಲ್ಲಿರುವ ಫೋನಿನಲ್ಲಿ ಯಾವ ಸಂದರ್ಭವೂ ಇಲ್ಲದೆ, ಯಾವ ಕರುಣೆಯೂ ಇಲ್ಲದೆ ನೋಡುವ ಹಿಂಸೆಗೆ ಹೋಲಿಸಿದರೆ, ಒಬ್ಬ ಒಳ್ಳೆಯ ಲೇಖಕ ಕಾರಣ ಪರಿಣಾಮಗಳೊಂದಿಗೆ ತೋರಿಸುವ ಹಿಂಸೆ ಅವರನ್ನು ಹೆಚ್ಚು ಜವಾಬ್ದಾರಿಯಿಂದ ಕಾಣುತ್ತದೆ ಎಂದು ನಾನು ನಂಬುತ್ತೇನೆ. ಆದರೂ ಪುಸ್ತಕ ಕೊಡುವಾಗ ಮುಚ್ಚುಮರೆ ಮಾಡುವುದಿಲ್ಲ. ಇದರಲ್ಲಿ ಒಂದು ಸಾವು ಬರುತ್ತದೆ, ಓದುವಾಗ ಸಂಕಟವಾದರೆ ಬದಿಗಿಡು, ಬೇಕೆನಿಸಿದಾಗ ಮುಂದುವರಿಸು ಎಂದು ಮೊದಲೇ ಹೇಳುತ್ತೇನೆ. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗುವಿಗೆ, ಅಂಜಿಕೆಯ ಸ್ವಭಾವದ ಮಗುವಿಗೆ ಬೇರೆ ಪುಸ್ತಕ ಕೊಡುತ್ತೇನೆ. ವಯಸ್ಸಿನ ಗೆರೆ ಎಳೆದು ತೀರ್ಮಾನಿಸುವುದಕ್ಕಿಂತ ಆ ಒಂದು ಮಗುವನ್ನು ನೋಡಿ ತೀರ್ಮಾನಿಸುವುದು ಸರಿಯಾದ ಕ್ರಮ.

ಕೊಟ್ಟ ಮೇಲೆ ದೊಡ್ಡವರು ಮಾಡಬಾರದ ಕೆಲಸವೂ ಇದೆ: ಏನು ಕಲಿತೆ ಎಂದು ಕೇಳುವುದು. ಓದಿ ಮುಗಿಸಿದ ಸಂತೋಷದಲ್ಲಿರುವ ಮಗುವಿಗೆ ಆ ಪ್ರಶ್ನೆ ಕೇಳಿದ ಕ್ಷಣದಲ್ಲಿ ಕಾದಂಬರಿ ಪಾಠವಾಗುತ್ತದೆ, ಮನೆ ಪರೀಕ್ಷಾ ಕೊಠಡಿಯಾಗುತ್ತದೆ. ಕೇಳಲೇಬೇಕೆಂದಿದ್ದರೆ ಮಂದಣ್ಣ ಹಾಗೆ ಮಾಡಬಾರದಿತ್ತಲ್ಲವೇ ಎಂದು ಕೇಳಬಹುದು. ಗೆಳೆಯರ ಬಗ್ಗೆ ಮಾತಾಡುವಂತೆ ಪಾತ್ರಗಳ ಬಗ್ಗೆ ಮಾತಾಡುವುದು ಅವರಿಗೆ ಇಷ್ಟ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮುಗಿಸಲೇಬೇಕೆಂದು ಹಟ ಹಿಡಿಯಬಾರದು. ನಾನು ಎರಡು ಪುಸ್ತಕಗಳನ್ನು ಒಟ್ಟಿಗೆ ಕೊಟ್ಟು, ಹಿಡಿಸದ್ದನ್ನು ಮರಳಿಸು ಎನ್ನುತ್ತೇನೆ. ಆಯ್ಕೆ ತಮ್ಮದೆಂದು ಅನಿಸಿದ ಮಕ್ಕಳು ಹೆಚ್ಚು ಓದುತ್ತಾರೆ. ಕೊಂಡುಕೊಡಲಾಗದವರಿಗೆ ಊರಿನ ಸಾರ್ವಜನಿಕ ಗ್ರಂಥಾಲಯವಿದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ತೇಜಸ್ವಿಯವರ ಪುಸ್ತಕ ಕೇಳಿದರೆ ಸಿಗುವ ಸಾಧ್ಯತೆ ಎಲ್ಲೆಡೆಯೂ ಚೆನ್ನಾಗಿದೆ.

‘ಕರ್ವಾಲೊ’ವನ್ನು ಹಿಂದಿರುಗಿಸಿದ ಹುಡುಗಿಯ ಮಾತಿಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಮೇಲೆ ಹೆಸರಿಸಿದ ಪುಸ್ತಕಗಳಲ್ಲಿ ಕಾಡಿಗೆ ಹೋಗುವವರು, ಒಗಟು ಬಿಡಿಸುವವರು, ಊರು ಬಿಟ್ಟು ಓಡಿಹೋಗುವವರು ಹೆಚ್ಚಾಗಿ ಹುಡುಗರು, ಗಂಡಸರು. ಕನ್ನಡದಲ್ಲಿ ಹೆಣ್ಣುಮಕ್ಕಳು ಕೇಂದ್ರದಲ್ಲಿರುವ ಬಿಗಿಯಾದ ಕಾದಂಬರಿಗಳು ಇಲ್ಲವೆಂದಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇದೆ. ಬಾಲ್ಯದಲ್ಲೇ ವಿಧವೆಯಾಗಿ, ಇಡೀ ಬದುಕನ್ನು ಕಟ್ಟಳೆಗಳೊಳಗೆ ಕಳೆದು, ಕೊನೆಗೆ ಆ ಕಟ್ಟಳೆಗಳನ್ನು ಮೌನವಾಗಿ ದಾಟಿ ನಿಂತ ಹೆಂಗಸಿನ ಕಥೆ. ಅದನ್ನು ಓದಿದ ಹತ್ತನೇ ತರಗತಿಯ ಹುಡುಗಿಯರ ಸಿಟ್ಟು ನಾನು ಕಂಡಿದ್ದೇನೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇದೆ. ತಂದೆಯ ಹಟಕ್ಕೆ ಸಂಸಾರ ಮುರಿದುಕೊಂಡ ನಾದಿರಾಳ ಕಥೆಯನ್ನು ಲಂಕೇಶ್ ಪತ್ರಿಕೆಯಲ್ಲಿ ಜನ ವಾರವಾರವೂ ಕಾದು ಓದಿದ್ದರು. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಇದೆ, ಭಯವೆಂಬುದು ಮನಸ್ಸಿನಲ್ಲಿ ಹೇಗೆ ಬೇರುಬಿಡುತ್ತದೆ ಎಂಬುದನ್ನು ಹೇಳುತ್ತದೆ. ಮೂರೂ ಬಿಡದೆ ಓದಿಸುತ್ತವೆ, ಮೂರನ್ನೂ ಹದಿನೈದು ದಾಟಿದವರಿಗೆ ನಾನು ಕೊಡುತ್ತೇನೆ. ಆದರೆ ಮೂರರಲ್ಲೂ ಹೆಣ್ಣು ಸಹಿಸುವವಳು. ಆ ಸಹನೆಯ ಚಿತ್ರ ಸತ್ಯವಾದದ್ದು, ಅಗತ್ಯವಾದದ್ದು. ಹದಿನಾಲ್ಕರ ಹುಡುಗಿಗೆ ಅದರ ಜೊತೆಗೆ ಇನ್ನೊಂದೂ ಬೇಕು.

ಅವಳಿಗೆ ಬೇಕಾದದ್ದು ಇಂಥ ಒಂದು ಕಾದಂಬರಿ: ಅದರ ನಾಯಕಿ ಪಿಯುಸಿ ಹಾಸ್ಟೆಲ್ಲಿನಲ್ಲಿರುವ, ನೀಟ್ ಕೋಚಿಂಗಿಗೆ ಹೋಗುವ, ಕೈಯಲ್ಲಿ ಮೊಬೈಲ್ ಇರುವ ಇಂದಿನ ಹುಡುಗಿಯಾಗಿರಬೇಕು, ಅವಳು ರಾಯಚೂರಿನವಳೋ ಕಾರವಾರದವಳೋ ಆಗಿ ತನ್ನ ಊರಿನ ಮಾತನ್ನೇ ಆಡಬೇಕು, ಏನನ್ನೋ ಹುಡುಕಿಕೊಂಡು ಅವಳೇ ಹೊರಡಬೇಕು, ತಪ್ಪು ಅವಳೇ ಮಾಡಬೇಕು, ಬಿಡಿಸಿಕೊಳ್ಳುವುದನ್ನೂ ಅವಳೇ ಮಾಡಬೇಕು. ಯಾರೂ ಅವಳಿಗೆ ನೀತಿ ಹೇಳಬಾರದು. ಇನ್ನೂರು ಪುಟ ಸಾಕು. ಬರೆಯಬಲ್ಲವರು ಇಂದು ಕನ್ನಡದಲ್ಲಿ ಹಲವರಿದ್ದಾರೆ, ಮತ್ತು ಓದಲು ಕಾದಿರುವವರು ನಮ್ಮ ಪ್ರತಿ ಪ್ರೌಢಶಾಲೆಯ ಪ್ರತಿ ತರಗತಿಯಲ್ಲೂ ಇದ್ದಾರೆ. ಅದು ಬರುವವರೆಗೆ ನಾನು ಆ ಹುಡುಗಿಯರಿಗೆ ‘ಒಡಲಾಳ’ವನ್ನು ಕೊಡುತ್ತೇನೆ, ಏಕೆಂದರೆ ಇಡೀ ಊರಿಗೆ ಎದುರು ನಿಂತು ತನ್ನ ಹುಂಜ ಕೇಳುವ ಸಾಕವ್ವ ಯಾರಿಗೂ ತಲೆಬಾಗುವವಳಲ್ಲ.